ನರ್ಸಮ್ಮನ ಡೈರಿ – 14: ಉಸಿರೆಳೆಯೋ ಕಸರತ್ತು

ಉಸಿರಿನ ಕಸರತ್ತಿನ ಸಾಧನ ಕೊಂಡ್ರೆ ದೊಡ್ಡಮ್ಮನ ಇನ್‌ಹೇಲರ್ ನಿಲ್ಲಿಸಬಹುದಾ ಅಂತ ತಮ್ಮ ಕೇಳಿದ್ದ. ನಿಮ್ಮಲ್ಲೂ ಕೆಲವರಿಗೆ ಈ ಪ್ರಶ್ನೆ ಇರಬಹುದು. ಉತ್ತರ ಮೊದಲೇ ಹೇಳ್ತೀನಿ: ನಿಲ್ಲಿಸಬಾರದು.

ದೊಡ್ಡಮ್ಮ ಬೀಡಿ ಮುಟ್ಟಿದವರಲ್ಲ. ಊದುಕೊಳವೆ ಹಿಡಿದು ನಲವತ್ತು ವರ್ಷ ನಮಗೆಲ್ಲ ಮುದ್ದೆ ಬೇಯಿಸಿ ಹಾಕಿದವರು. ಮೈಸೂರಿನ ಜೆಎಸ್‌ಎಸ್ ಮೆಡಿಕಲ್ ಕಾಲೇಜಿನವರು ಹಳ್ಳಿ ಹೆಂಗಸರ ಅಧ್ಯಯನದಲ್ಲಿ ಒಲೆ ಮುಂದೆ ಕಳೆದ ದಿನದ ಗಂಟೆಗಳನ್ನು ವರ್ಷಗಳಿಂದ ಗುಣಿಸಿ ನೋಡಿದ್ರು. 60 ದಾಟಿದವರಲ್ಲಿ ಬಿಡದ ಕೆಮ್ಮು, ಕಫ ಹೆಚ್ಚಾಗಿತ್ತು. ದಿನಕ್ಕೆ 3 ಗಂಟೆಯಂತೆ 20 ವರ್ಷಕ್ಕೇ 60 ಆಯ್ತು. ದೊಡ್ಡಮ್ಮನದು 120.

ಸಿಒಪಿಡಿ ಇದ್ದವರಿಗೆ ಎಳೆದ ಗಾಳಿ ಪೂರ್ತಿ ಹೊರಗೆ ಹೋಗಲ್ಲ. ಶ್ವಾಸಕೋಶ ಉಬ್ಬಿ, ಕೆಳಗೆ ಕಮಾನಿನ ಹಾಗಿರೋ ವಪೆ ಚಪ್ಪಟೆಯಾಗುತ್ತೆ. ಕುಲುಮೆಯ ತಿದಿ ಮೊದಲೇ ಉಬ್ಬಿ ನಿಂತಿದ್ರೆ ಇನ್ನೆಷ್ಟು ಗಾಳಿ ಎಳೆದೀತು? ಆ ಸ್ನಾಯುವಿಗೆ ಬಲ ಕೊಡೋಕೆ ಈ ಸಾಧನ. ಒಳಗೊಂದು ಸ್ಪ್ರಿಂಗ್ ಇರೋ ಕವಾಟ. ಇಟ್ಟಷ್ಟು ಒತ್ತಡದಲ್ಲಿ ಉಸಿರೆಳೆದ್ರೆ ಮಾತ್ರ ತೆರೆಯುತ್ತೆ. ಆಪರೇಷನ್ ಆದ್ಮೇಲೆ ಕೊಡೋ ಮೂರು ಚೆಂಡಿನ ಡಬ್ಬಿ ಬೇರೆ. ಬಲೂನ್ ಊದೋದೂ ಬೇರೆ, ಅದು ಉಸಿರು ಬಿಡೋ ಕೆಲಸ.

ನಾನಿರೋ ಷಿಕಾಗೋಗೂ ಇದಕ್ಕೂ ಹಳೇ ನಂಟು. 1988ರಲ್ಲಿ ಇಂಥ ಸಾಧನವನ್ನು ಸಿಒಪಿಡಿ ರೋಗಿಗಳ ಮೇಲೆ ಪರೀಕ್ಷಿಸಿ ವರದಿ ಮಾಡಿದವರಲ್ಲಿ ಜಾನೆಟ್ ಲಾರ್ಸನ್ ಮತ್ತು ಕೊರಿಯಾದಿಂದ ಬಂದ ಮಿ ಜಾ ಕಿಮ್ ಇದ್ರು. ಇಬ್ಬರೂ ಇಲ್ಲಿನ ಇಲಿನಾಯ್ ವಿಶ್ವವಿದ್ಯಾಲಯದ ನರ್ಸ್‌ಗಳು! ತಮ್ಮ ಗರಿಷ್ಠ ಬಲದ ಶೇ. 30ರಷ್ಟು ಒತ್ತಡದಲ್ಲಿ ಎರಡು ತಿಂಗಳು ಅಭ್ಯಾಸ ಮಾಡಿದವರ ಉಸಿರಿನ ಬಲ ಹೆಚ್ಚಿತು, 12 ನಿಮಿಷದಲ್ಲಿ ನಡೆಯೋ ದೂರವೂ ಹೆಚ್ಚಿತು. ಮುಂದೆ ಲಾರ್ಸನ್ ಡೆಟ್ರಾಯ್ಟ್ ಹತ್ತಿರದ ಆನ್ ಆರ್ಬರ್‌ನ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದ್ರು.

1999ರಲ್ಲಿ ಅವರ ತಂಡವೇ ಇನ್ನೊಂದು ಮಾತು ಹೇಳಿತು. ಸೈಕಲ್ ತುಳಿಯೋ ವ್ಯಾಯಾಮದ ಜೊತೆ ಇದನ್ನೂ ಸೇರಿಸಿದ್ರೆ ಉಸಿರಿನ ಸ್ನಾಯು ಗಟ್ಟಿಯಾಗುತ್ತೆ ನಿಜ, ಆದ್ರೆ ಸೈಕಲ್ ಒಂದರಿಂದಲೇ ಸಿಗೋದಕ್ಕಿಂತ ಏದುಸಿರೇನೂ ಹೆಚ್ಚು ಕಮ್ಮಿಯಾಗಲ್ಲ. ಅಂದ್ರೆ ಕಾಲಿಗೆ ಕೆಲಸ ಕೊಡೋದು ಮೊದಲು. ಅಂಗಳದಲ್ಲಿ ನಾಲ್ಕು ಸುತ್ತು ನಡೆಯೋಕೆ ದುಡ್ಡೂ ಬೇಡ.

ಸಾಧನ ಬೇಕೇ ಅಂದ್ರೆ ಶ್ವಾಸಕೋಶದ ಡಾಕ್ಟರನ್ನು ಕೇಳಿ, ಒತ್ತಡ ಅವರೇ ಹೇಳಲಿ. ಹಿಂದೆ ಶ್ವಾಸಕೋಶ ಒಡೆದು ಎದೆಯೊಳಗೆ ಗಾಳಿ ತುಂಬಿಕೊಂಡಿದ್ದವರಂತೂ ಕೇಳದೆ ಮುಟ್ಟಬಾರದು. ಇನ್‌ಹೇಲರ್ "ಚಟ ಹಿಡಿಯುತ್ತೆ" ಅನ್ನೋದು ಸುಳ್ಳು. ಅದು ಕಿರಿದಾದ ದಾರಿ ಅಗಲ ಮಾಡುತ್ತೆ, ಆ ಕೆಲಸ ಯಾವ ಕಸರತ್ತೂ ಮಾಡಲ್ಲ.

ಇವತ್ತು ನಿಮ್ಮನೆ ಅಮ್ಮ, ಅಜ್ಜಿಯ ಒಲೆ ಲೆಕ್ಕ ಹಾಕಿ. 60 ದಾಟಿದ್ದು, ಮೆಟ್ಟಿಲು ಹತ್ತುವಾಗ ಮೇಲುಸಿರು ಬರ್ತಿದ್ರೆ "ವಯಸ್ಸಾಯ್ತು" ಅಂತ ಸುಮ್ಮನಾಗಬೇಡಿ. ಒಂದು ಸ್ಪೈರೋಮೆಟ್ರಿ ಮಾಡಿಸಿ.