ಆರಾಮ ಅದೀರಿ?

ನಮ್ಮ ಕಡೆ ದಾರಿಯಲ್ಲಿ ಇಬ್ಬರು ಎದುರಾದರೆ ಮೊದಲು ಹೊರಡುವ ಮಾತು 'ಆರಾಮ ಅದೀರಿ?' ಎಂಬುದು. ಉತ್ತರ 'ಆರಾಮ ಅದೀವ್ರಿ'. ಕೇಳಿದ್ದು ಒಬ್ಬರನ್ನು, ಹೇಳಿದ್ದು ಮನೆಮಂದಿಯೆಲ್ಲರ ಪರವಾಗಿ. ಫಾರಸಿಯಿಂದ ಬಂದ ಈ ಪದ ಇಲ್ಲಿ ಯಾವ ಜಾತಿ, ಯಾವ ಮತದ ಮನೆಯಲ್ಲೂ ಹೊರಗಿನದೆನಿಸುವುದಿಲ್ಲ. ದಿನಕ್ಕೆ ಹತ್ತು ಸಲ ಆಡುವ ಆ ಮಾತಿನೊಳಗೆ ಏನಿದೆಯೆಂದು ನಾವು ಯೋಚಿಸಿದ್ದು ಮಾತ್ರ ಮನಃಶಾಸ್ತ್ರದ ಎಂ.ಎ. ಓದಲು ಕುಳಿತ ಮೇಲೆ.

ನಾವು ಐವರು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂದು ತಾಲ್ಲೂಕಿಗೊಬ್ಬರು. ಇಬ್ಬರು ಶಿಕ್ಷಕಿಯರು, ಒಬ್ಬರು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವವರು, ಇನ್ನಿಬ್ಬರು ಮನೆ ನೋಡಿಕೊಳ್ಳುವವರು. ಕಾಲೇಜಿನ ದಿನಗಳ ಗೆಳೆತನ. 2023ರಲ್ಲಿ ಹೊರರಾಜ್ಯದ ವಿಶ್ವವಿದ್ಯಾಲಯವೊಂದರ ಆನ್‌ಲೈನ್ ಎಂ.ಎ.ಗೆ ಒಟ್ಟಿಗೇ ಹೆಸರು ಹಚ್ಚಿದೆವು. ರಾತ್ರಿ ಎಂಟಕ್ಕೆ ಪಾಠ. ರೊಟ್ಟಿ ಬಡಿದು, ಮನೆಯವರಿಗೆ ಉಣಬಡಿಸಿ, ಹಿಟ್ಟಿನ ಡಬ್ಬಿಗೆ ಫೋನು ಆನಿಸಿಟ್ಟು ಕುಳಿತುಕೊಳ್ಳುತ್ತಿದ್ದೆವು. ಕಾಗವಾಡದ ಗೆಳತಿಯ ಫೋನು ಒಮ್ಮೊಮ್ಮೆ ಗಡಿಯಾಚೆಯ ಟವರಿಗೆ ಜಿಗಿದು ಪಾಠ ಅರ್ಧಕ್ಕೇ ತುಂಡಾಗುತ್ತಿತ್ತು. ಆಗ ಅವರು ಮಾಳಿಗೆ ಏರಬೇಕು. ಮರುದಿನ ಉಳಿದವರು ಅವರಿಗೆ ಪಾಠ ಒಪ್ಪಿಸಬೇಕು. ಹಾಗೆ ಒಪ್ಪಿಸುವಾಗಲೇ ನಮಗೂ ಪಾಠ ಸರಿಯಾಗಿ ತಿಳಿದದ್ದುಂಟು.

ಎರಡನೆಯ ವರ್ಷ ಸಕಾರಾತ್ಮಕ ಮನೋವಿಜ್ಞಾನ ಎಂಬ ಪತ್ರಿಕೆ ಬಂತು. ಮಾರ್ಟಿನ್ ಸೆಲಿಗ್‌ಮನ್ 1998ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞರ ಸಂಘದ ಅಧ್ಯಕ್ಷರಾಗಿದ್ದಾಗ ಈ ಶಾಖೆಗೆ ಚಾಲನೆ ಕೊಟ್ಟರು. ಮನಸ್ಸಿನ ಕಾಯಿಲೆಯನ್ನಷ್ಟೇ ಓದಿದರೆ ಸಾಲದು, ಮನುಷ್ಯನನ್ನು ಎತ್ತಿ ನಿಲ್ಲಿಸುವುದು ಯಾವುದೆಂದೂ ಓದಬೇಕೆಂಬುದು ಅವರ ವಾದ. 2004ರಲ್ಲಿ ಅವರೂ ಕ್ರಿಸ್ಟೋಫರ್ ಪೀಟರ್‌ಸನ್ ಅವರೂ ಸೇರಿ ಮನುಷ್ಯನ 24 ಗುಣಬಲಗಳನ್ನು ಪಟ್ಟಿ ಮಾಡಿದರು. 2005ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಈ ವಿಷಯದ ಸ್ನಾತಕೋತ್ತರ ಪದವಿಯೇ ಆರಂಭವಾಯಿತು. ನಮ್ಮ ಪಾಠ ಅರಿಸ್ಟಾಟಲ್‌ನಿಂದ ಹಿಡಿದು ನೇರವಾಗಿ ಅಮೆರಿಕಕ್ಕೆ ಹಾರಿತು. ಒಂಬೈನೂರು ವರ್ಷಗಳ ಹಿಂದೆಯೇ ಇಮಾಮ್ ಗಝಾಲಿ ಫಾರಸಿಯಲ್ಲಿ 'ಕೀಮಿಯಾಯೆ ಸಆದತ್' ಎಂಬ, ಹೆಸರಿನಲ್ಲೇ ಸುಖವನ್ನಿಟ್ಟುಕೊಂಡ ಗ್ರಂಥ ಬರೆದಿದ್ದರೆಂದು ನಿಪ್ಪಾಣಿಯ ಗೆಳತಿ ನಮಗೆ ನೆನಪಿಸಿದರು.

ಪ್ರಾಜೆಕ್ಟಿಗಾಗಿ ಬೀಡಿ ಕಟ್ಟುವ ಹೆಂಗಸರನ್ನು ಮಾತನಾಡಿಸಲು ನಿಪ್ಪಾಣಿಗೆ ಹೋದೆವು. ಕೈಯಲ್ಲಿ ಎಡ್ ಡೀನರ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಅಳತೆಪಟ್ಟಿ ಇತ್ತು. ತನ್ನ ಬದುಕಿನ ಬಗ್ಗೆ ತನಗೆಷ್ಟು ತೃಪ್ತಿಯಿದೆ ಎಂದು ತಿಳಿಯಲು ಅದರಲ್ಲಿ ಐದು ವಾಕ್ಯಗಳು. ಪ್ರತಿಯೊಂದಕ್ಕೂ ಒಂದರಿಂದ ಏಳರವರೆಗೆ ಅಂಕ. ಅಂಕಿಯ ಗೊಂದಲ ಬೇಡವೆಂದು ನಾವು ಏಳು ಜೋಳದ ಕಾಳು ಒಯ್ದಿದ್ದೆವು. ಎಷ್ಟು ತೃಪ್ತಿಯೋ ಅಷ್ಟು ಕಾಳು ಇಡಬೇಕು. ನಾವು ಖಾಲಾ ಎಂದು ಕರೆಯುವ ಹಿರಿಯ ಹೆಂಗಸು ಕಾಳುಗಳನ್ನು ಅಂಗೈಯಲ್ಲಿ ಆಡಿಸುತ್ತಾ ಕೇಳಿದರು:

"ಇದು ನನ್ನೊಬ್ಬಾಕಿ ಲೆಕ್ಕೋ, ಮನಿ ಲೆಕ್ಕೋ? ನನ್ನದಾದ್ರ ಏಳೂ ಇಡ್ತೀನಿ. ಮನೀದಾದ್ರ ಮಗಳ ನರ್ಸಿಂಗ್ ಫೀ ತುಂಬೂತನಾ ಕೇಳಬ್ಯಾಡ್ರಿ."

ನಾವು ಮುಖ ಮುಖ ನೋಡಿಕೊಂಡೆವು. ಪಟ್ಟಿಯಲ್ಲಿದ್ದುದು 'ನಾನು' ಮಾತ್ರ. ಖಾಲಾ ಬದುಕುತ್ತಿದ್ದುದು 'ನಾವು' ಆಗಿ.

ಮಿಹಾಯ್ ಚಿಕ್ಸೆಂಟ್‌ಮಿಹಾಯ್ ಅವರ 'ಫ್ಲೋ' ಕುರಿತ ಪಾಠವೂ ಅಲ್ಲಿ ಎಡವಿತು. ಕೆಲಸದ ಕಷ್ಟವೂ ಕೈಯ ಕೌಶಲವೂ ಸರಿದೂಗಿದಾಗ ಮನುಷ್ಯ ತನ್ನನ್ನೇ ಮರೆತು ತಲ್ಲೀನನಾಗುತ್ತಾನೆ ಎಂದು ಓದಿದ್ದೆವು. ಮೊರ ಮಡಿಲಲ್ಲಿಟ್ಟುಕೊಂಡು ಎಲೆ ಸುತ್ತುವ ಆ ಬೆರಳುಗಳ ವೇಗ ಕಂಡು ಇದೇ ತಲ್ಲೀನತೆ ಎಂದುಕೊಂಡೆವು. ಕೇಳಿದರೆ ಖಾಲಾ ನಕ್ಕುಬಿಟ್ಟರು. "ಕೈ ತಾನ ಓಡತಾವು. ಮನಸ್ಸು ಸಾವಿರ ಆಗಾಕ ಇನ್ನೆಷ್ಟು ಉಳದಾವು ಅಂತ ಎಣಿಸ್ತಿರತೈತಿ." ಕೂಲಿ ಸಿಗುವುದು ಸಾವಿರ ಬೀಡಿಗೆ ಇಂತಿಷ್ಟು ಎಂದು. ಎಣಿಸದೆ ಮೈಮರೆಯುವುದು ಅವರಿಗೆ ಸಾಧ್ಯವೇ?

ನಮ್ಮೊಳಗೇ ಜಗಳ ಹುಟ್ಟಿದ್ದು 'ಮೂರು ಒಳ್ಳೆಯ ಸಂಗತಿ'ಯ ಅಭ್ಯಾಸದಿಂದ. ಮಲಗುವ ಮುನ್ನ ಆ ದಿನ ನಡೆದ ಮೂರು ಒಳಿತುಗಳನ್ನೂ ಅವುಗಳ ಕಾರಣವನ್ನೂ ಒಂದು ವಾರ ಬರೆಯಬೇಕು. 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಂತರ್ಜಾಲದ ಮೂಲಕ ಇದನ್ನು ಮಾಡಿದವರ ಮನಸ್ಸಿನ ಭಾರ ಆರು ತಿಂಗಳ ಬಳಿಕವೂ ಇಳಿದಿತ್ತು. ಅಥಣಿಯ ಗೆಳತಿ ಸಿಟ್ಟಾದರು. "ಕಬ್ಬಿನ ಬಿಲ್ಲು ಬಾರದ ಮನೆಗೆ ಹೋಗಿ ಮೂರು ಒಳ್ಳೇದು ಬರೀರಿ ಅನ್ನಲೇನು?" ಎಂದರು. 2013ರ ನವೆಂಬರಿನಲ್ಲಿ ಬೆಳಗಾವಿಯ ಸುವರ್ಣಸೌಧದ ಬಳಿ ಕಬ್ಬಿನ ಬೆಲೆಗಾಗಿ ನಡೆದ ಧರಣಿಯಲ್ಲಿ ಪ್ರಾಣ ಕಳೆದುಕೊಂಡ ರೈತ ರಾಯಬಾಗ ತಾಲ್ಲೂಕಿನವರು. ಆ ಸಾವನ್ನು ಕಂಡ ನಾಡಿನಲ್ಲಿ ಕೃತಜ್ಞತೆಯ ಪಾಠ ಹೇಳುವುದು ಗಾಯಕ್ಕೆ ಉಪ್ಪು ಸವರಿದಂತಲ್ಲವೇ?

ಕಾಗವಾಡದ ಗೆಳತಿ ಒಪ್ಪಲಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ ಊರೊಳಗೆ ಬಂದಾಗ ಅವರ ಮನೆಮಂದಿ ಶಾಲೆಯೊಂದರಲ್ಲಿ ಆಸರೆ ಪಡೆದಿದ್ದರು. "ಅಲ್ಲಿ ರೊಟ್ಟಿ ಬಡಿಯುತ್ತಾ ನಾವು ನಕ್ಕಿದ್ದೇವೆ. ಆ ನಗು ಇಲ್ಲದಿದ್ದರೆ ಮುರಿದು ಬೀಳುತ್ತಿದ್ದೆವು. ನೊಂದವರಿಗೆ ಸಂತೋಷದ ಹಕ್ಕಿಲ್ಲ ಅನ್ನಲು ನಾವ್ಯಾರು?" ಎಂದರು. ರಾಯಬಾಗದ ಗೆಳತಿ, ತಾಯಿ ತೀರಿದ ಮೇಲೆ ತಾನು ಆ ಮೂರು ಸಾಲು ಬರೆದೇ ನಿದ್ದೆ ಮರಳಿ ಪಡೆದದ್ದೆಂದು ಮೆಲ್ಲಗೆ ಹೇಳಿದರು. ಇಬ್ಬರದೂ ಸುಳ್ಳಲ್ಲವೆಂದು ಅಥಣಿಯವರೂ ಒಪ್ಪಿದರು. ಆದರೂ ಪ್ರಶ್ನೆ ಉಳಿಯಿತು.

ದಾರಿ ತೋರಿದ್ದು ಸೆಲಿಗ್‌ಮನ್ ಅವರದೇ ಹಳೆಯ ಕೆಲಸ. 1967ರಲ್ಲಿ ಅವರೂ ಸ್ಟೀವನ್ ಮೇಯರ್ ಅವರೂ ನಾಯಿಗಳ ಮೇಲೆ ಪ್ರಯೋಗ ನಡೆಸಿದ್ದರು. ತಾವು ಏನು ಮಾಡಿದರೂ ವಿದ್ಯುತ್ತಿನ ಹೊಡೆತ ನಿಲ್ಲದೆಂದು ಕಂಡ ನಾಯಿಗಳಲ್ಲಿ ಹೆಚ್ಚಿನವು, ಮುಂದೆ ಪಾರಾಗುವ ದಾರಿಯಿದ್ದಾಗಲೂ ಮಲಗಿಬಿಟ್ಟವು. ಅಸಹಾಯಕತೆ ಕಲಿತು ಬರುವುದು ಎಂದು ಆಗ ಅವರು ಹೇಳಿದ್ದರು. ಸುಮಾರು ಐವತ್ತು ವರ್ಷಗಳ ನಂತರ, 2016ರಲ್ಲಿ, ಅದೇ ಇಬ್ಬರು ಮಾತು ತಿದ್ದಿಕೊಂಡರು. ನೋವು ನಿಲ್ಲದಿದ್ದಾಗ ಸುಮ್ಮನೆ ಬಿದ್ದುಕೊಳ್ಳುವುದು ಜೀವಿಯ ಸಹಜ ಪ್ರತಿಕ್ರಿಯೆ. ಮಿದುಳು ಕಲಿಯುವುದು ತನ್ನ ಕೈಯಲ್ಲೂ ಹಿಡಿತವಿದೆ ಎಂಬುದನ್ನು.

ಈ ಸಾಲು ಓದಿದಾಗ ನಮಗೆ ಖಾಲಾ ಹೇಳಿದ್ದು ನೆನಪಾಯಿತು: "ನಮ್ಮ ಅಮ್ಮಿ ತಂಬಾಕಿನ ವಖಾರದಾಗ ದುಡೀತಿದ್ದಳು. ಸಂಘಕ್ಕ ಹೋಗಿ ಬಂದ ಮ್ಯಾಲ ಆಕಿ ದನೀನ ಬದಲಾತು." 1980ರ ಆಸುಪಾಸು ನಿಪ್ಪಾಣಿಯ ತಂಬಾಕು ಕೆಲಸದ ಸಾವಿರಾರು ಹೆಂಗಸರು ಸಂಘ ಕಟ್ಟಿ ಹೋರಾಡಿದರು. ದೀಪಾ ಧನರಾಜ್ ಅವರಿದ್ದ ಯುಗಾಂತರ್ ಎಂಬ ಮಹಿಳಾ ಬಳಗ 1982ರಲ್ಲಿ ಅದರ ಮೇಲೆ ಚಿತ್ರವನ್ನೇ ಮಾಡಿತು. ಆ ಹೆಂಗಸರಿಗೆ ಯಾರೂ ಸಂತೋಷದ ಅಭ್ಯಾಸ ಕೊಟ್ಟಿರಲಿಲ್ಲ. ಕೂಡಿ ಕೇಳಿದರೆ ಏನಾದರೂ ಅಲುಗುತ್ತದೆ ಎಂಬುದನ್ನು ಅವರು ತಾವೇ ಕಲಿತರು. ಭರವಸೆ ಹುಟ್ಟುವ ಜಾಗ ಅದು. ಕೃತಜ್ಞತೆ ನ್ಯಾಯದ ಪಕ್ಕದಲ್ಲಿ ಕೂರಬಹುದು. ನ್ಯಾಯದ ಜಾಗದಲ್ಲಿ ಕೂರಬಾರದು.

ನಮ್ಮ ಓದು ಮುಗಿಯಿತು. ಈಗ ಊರ ಹುಡುಗಿಯರು ಬಂದು, "ಅಕ್ಕಾರ, ನಾವೂ ಮನ್ಯಾಗ ಕುಂತು ಇದನ್ನ ಓದಬೇಕ್ರಿ" ಎನ್ನುತ್ತಾರೆ. ಏನು ಹೇಳುವುದು? 2025ರ ಜುಲೈ-ಆಗಸ್ಟ್ ಸತ್ರದಿಂದ ಮನಃಶಾಸ್ತ್ರವೂ ಸೇರಿದಂತೆ ಆರೋಗ್ಯಕ್ಕೆ ಸಂಬಂಧಿಸಿದ ವಿಷಯಗಳನ್ನು ಆನ್‌ಲೈನ್ ಹಾಗೂ ದೂರಶಿಕ್ಷಣದಲ್ಲಿ ಕಲಿಸಬಾರದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ ಆದೇಶಿಸಿತು. ಅದರಲ್ಲಿ ಅರ್ಥವಿದೆ. ನೊಂದ ಮನಸ್ಸನ್ನು ಮುಟ್ಟುವ ವಿದ್ಯೆಯನ್ನು ಎದುರು ಕೂತೇ ಕಲಿಯಬೇಕು. ನಾವೂ ಈ ಪದವಿಯಿಂದ ಚಿಕಿತ್ಸಕರಾಗಿಲ್ಲ. ಕಷ್ಟ ಹೆಚ್ಚಿದ್ದವರಿಗೆ 14416ಕ್ಕೆ ಕರೆ ಮಾಡಲು ಹೇಳುತ್ತೇವೆ. ಅದು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿ. ಆದರೆ ಬಾಗಿಲು ಮುಚ್ಚಿದಾಗ ಹೊರಗುಳಿಯುವವರು ಯಾರು? ಊರು ಬಿಟ್ಟು ಹಾಸ್ಟೆಲಿನಲ್ಲಿರಲು ಹಣವಿಲ್ಲದ, ಅನುಮತಿಯಿಲ್ಲದ ಹುಡುಗಿಯರೇ. ಅವರಿಗೆ ಹತ್ತಿರದಲ್ಲೇ ತರಗತಿ ತೆರೆಯುವುದು ಯಾರ ಹೊಣೆ?

ನಾವು ಮಾಡಿದ್ದು ಸಣ್ಣ ಕೆಲಸ. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನವಿದೆ. ಖಾಲಾರ ಮಗಳೊಂದಿಗೆ ಕುಳಿತು ಅರ್ಜಿ ತುಂಬಿದೆವು. ಹಣ ತಡವಾಗಿ ಬಂತು, ಫೀಗೆ ಪೂರ್ತಿ ಸಾಲಲಿಲ್ಲ. ಆದರೆ ಅಷ್ಟರಲ್ಲಿ ಆ ಹುಡುಗಿ ಓಣಿಯ ಇನ್ನೂ ನಾಲ್ವರ ಅರ್ಜಿಯನ್ನು ತಾನೇ ತುಂಬಿದ್ದಳು.

ಕಳೆದ ಸಲ ಹೋದಾಗ ಖಾಲಾ ತಾವಾಗಿಯೇ ಜೋಳದ ಕಾಳು ಕೇಳಿದರು. "ಈಗ ಮನಿ ಲೆಕ್ಕ" ಎಂದು ಐದು ಕಾಳು ಇಟ್ಟರು. ಉಳಿದೆರಡು ಯಾಕೆ ಕೈಯಲ್ಲೇ ಇವೆ ಎಂದು ಕೇಳಿದೆವು.

"ಅವು ಕೂಲಿ ಹೆಚ್ಚಾದ ದಿನ" ಎಂದರು.