ರಕ್ತದಲ್ಲೊಂದು ಲೋಪ

ನಮ್ಮ ಮಗಳ ಮಗನಿಗೆ ಈಗ ಏಳು ವರ್ಷ. ಮೂರು ವಾರಕ್ಕೊಮ್ಮೆ ಅವನನ್ನು ಆಸ್ಪತ್ರೆಗೆ ಕರೆದೊಯ್ದು, ಪರರ ರಕ್ತವನ್ನು ಏರಿಸಿಕೊಂಡು ಬರುವ ಕೆಲಸವು, ಶಾಲೆಯಿಂದ ನಿವೃತ್ತರಾದಂದಿನಿಂದ ನಮ್ಮ ಪಾಲಿಗೆ ಬಂದಿದೆ. ರೋಗದ ಹೆಸರು ಬೀಟಾ ಥಲಸ್ಸೀಮಿಯ. ಕಳೆದ ತಿಂಗಳು ಸೂಜಿ ಚುಚ್ಚಿಸಿಕೊಂಡು ಮಲಗಿದ್ದಾಗ ಅವನು, “ತಾತ, ಹುಟ್ಟಿದಾಗ ನನ್ನ ರಕ್ತ ಚೆನ್ನಾಗಿತ್ತಂತೆ. ಅದು ಎಲ್ಲಿಗೆ ಹೋಯ್ತು?” ಎಂದು ಕೇಳಿದನು. 34 ವರ್ಷ ಹುಡುಗರಿಂದ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ನಮಗೆ ಉತ್ತರ ತೋಚಲಿಲ್ಲ. ಆಮೇಲೆ ವೈದ್ಯರನ್ನು ಕಾಡಿ, ಪುಸ್ತಕಗಳನ್ನು ತರಿಸಿ ತಿಳಿದುಕೊಂಡುದನ್ನು ವಾಚಕರ ಮುಂದಿಡುತ್ತೇವೆ.

ರಕ್ತಕ್ಕೆ ಕೆಂಪನ್ನು ಕೊಡುವ ಹಿಮೋಗ್ಲೋಬಿನ್ನಿನಲ್ಲಿ ನಾಲ್ಕು ಗ್ಲೋಬಿನ್ ಸರಗಳಿರುತ್ತವೆ. ಬೆಳೆದವರಲ್ಲಿ ಹೆಚ್ಚಾಗಿ ಎರಡು ಆಲ್ಫಾ, ಎರಡು ಬೀಟಾ. ಗರ್ಭಸ್ಥ ಶಿಶುವಿನಲ್ಲಿ ಬೀಟಾದ ಸ್ಥಾನದಲ್ಲಿ ಗಾಮಾ. ಗಾಮಾ ಉಳ್ಳದ್ದು ಆಮ್ಲಜನಕವನ್ನು ಹೆಚ್ಚು ಬಿಗಿಯಾಗಿ ಹಿಡಿಯುವುದರಿಂದ, ತಾಯಿಯ ರಕ್ತದಿಂದ ಅದನ್ನು ಸೆಳೆದುಕೊಳ್ಳಬಲ್ಲದು. 11ನೆಯ ವರ್ಣತಂತುವಿನಲ್ಲಿ ಎಪ್ಸಿಲಾನ್, ಎರಡು ಗಾಮಾ, ಡೆಲ್ಟಾ, ಬೀಟಾ ಎಂಬ ಜೀನುಗಳು ಸಾಲಾಗಿವೆ. ಸೋಜಿಗವೆಂದರೆ, ಅವು ಕೆಲಸಕ್ಕೆ ಬರುವ ಕ್ರಮವೂ ಬಹುಮಟ್ಟಿಗೆ ಇದೇ. ಹುಟ್ಟಿದ ಕೆಲವು ತಿಂಗಳಲ್ಲಿ ಗಾಮಾ ಹಿಂದೆ ಸರಿದು ಬೀಟಾ ಮುಂದೆ ಬರುವುದು. ನಮ್ಮ ಹುಡುಗನಲ್ಲಿ ಕೆಟ್ಟಿರುವುದು ಆ ಬೀಟಾ ಜೀನು. ಆದುದರಿಂದಲೇ ಆರು ತಿಂಗಳು ನಗುನಗುತ್ತಿದ್ದ ಕೂಸು ಬರಬರುತ್ತ ಬಿಳಿಚಿಕೊಂಡಿತು. ತನ್ನ ಹಾಲಿನಲ್ಲಿಯೇ ದೋಷವೆಂದು ಮಗಳು ಎಷ್ಟು ರಾತ್ರಿ ಅತ್ತಳೋ!

ಜೀನು ಇದ್ದ ಮಾತ್ರಕ್ಕೆ ಸರವು ಸಿದ್ಧವಾಗದು. ಡಿ.ಎನ್.ಎ.ಯ ಗೊತ್ತಾದ ಅಕ್ಷರಗಳನ್ನು ಗುರುತಿಸಿ, ಅಲ್ಲಿ ಕುಳಿತು, ಇದನ್ನು ಓದು, ಇದನ್ನು ಬಿಡು ಎಂದು ವಿಧಿಸುವ ಪ್ರೋಟೀನುಗಳುಂಟು. ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರುಗಳೆಂದು ಅವುಗಳ ಹೆಸರು. ಕೆಂಪುಕಣವು ಬಲಿಯುವಾಗ ತನ್ನ ನ್ಯೂಕ್ಲಿಯಸ್ಸನ್ನೇ ಹೊರಹಾಕುವುದರಿಂದ, ಈ ವಿಧಿನಿಷೇಧಗಳೆಲ್ಲ ಅದಕ್ಕೆ ಮುಂಚೆ ಮೂಳೆಯ ಮಜ್ಜೆಯಲ್ಲಿಯೇ ನಡೆದುಹೋಗಬೇಕು. ಗಾಟಾ-1 ಎಂಬುದಿಲ್ಲದೆ ಕೆಂಪುಕಣವೇ ರೂಪುಗೊಳ್ಳದು. ಕೆ.ಎಲ್.ಎಫ್.-1 ಎಂಬುದು ಬೀಟಾ ಜೀನನ್ನು ಎಚ್ಚರಿಸುವುದಲ್ಲದೆ, ಬಿ.ಸಿ.ಎಲ್.-11ಎ ಎಂಬ ಮತ್ತೊಂದನ್ನೂ ಎಚ್ಚರಿಸುತ್ತದೆ. ಆ ಮತ್ತೊಂದು ಗಾಮಾವನ್ನು ಅಡಗಿಸುತ್ತದೆ. ಅದರ ಈ ಕೆಲಸವು 2008ರಲ್ಲಿ ಬೆಳಕಿಗೆ ಬಂದಿತು.

ಗಾಮಾ ಜೀನು ಕಳೆದುಹೋಗಿಲ್ಲ, ಓದಿಸಿಕೊಳ್ಳುತ್ತಿಲ್ಲ ಅಷ್ಟೆ, ಎಂದು ವೈದ್ಯರು ಹೇಳಿದಾಗ ನಮಗೆ ಥಟ್ಟನೆ ಪಾಣಿನಿಯ ನೆನಪಾಯಿತು. ಅವನ ಶಾಸ್ತ್ರದಲ್ಲಿ ಲೋಪವೆಂದರೆ ನಾಶವಲ್ಲ, ಕಾಣಿಸದಿರುವುದು. ಹೋಲಿಕೆಯನ್ನು ಇದಕ್ಕಿಂತ ಮುಂದಕ್ಕೆ ಎಳೆಯಲಾಗದು: ಅಲ್ಲಿ ಲುಪ್ತವಾದ ಪ್ರತ್ಯಯವೂ ಮರೆಯಲ್ಲಿದ್ದು ತನ್ನ ಕಾರ್ಯವನ್ನು ನಡೆಸೀತು, ಇಲ್ಲಿ ಗಾಮಾ ಏನನ್ನೂ ನಡೆಸದು.

ಅಡಗಿಸುವುದನ್ನೇ ಅಡಗಿಸಿದರೆ ಹೇಗೆ? ಅದನ್ನೂ ಮಾಡಿದ್ದಾರೆ. ರೋಗಿಯ ರಕ್ತದ ಮೂಲಕೋಶಗಳನ್ನು ಹೊರತೆಗೆದು, ಬಿ.ಸಿ.ಎಲ್.-11ಎಯ ಜೀನಿನೊಳಗೆ ಗಾಟಾ-1 ಕುಳಿತುಕೊಳ್ಳುವ ತಾಣವೊಂದನ್ನು ಕತ್ತರಿಸಿ ಕೆಡಿಸುತ್ತಾರೆ. ಆ ತಾಣವು ಕೆಂಪುಕಣಗಳ ಸಂತಾನದಲ್ಲಿ ಮಾತ್ರ ಮುಖ್ಯವಾದುದರಿಂದ, ಉಳಿದ ಕಡೆ ಆ ಪ್ರೋಟೀನಿನ ಕೆಲಸಕ್ಕೆ ಭಂಗವಿಲ್ಲ. ಬಳಿಕ ಕಟುವಾದ ಔಷಧದಿಂದ ಹಳೆಯ ಮಜ್ಜೆಯನ್ನು ಬರಿದುಮಾಡಿ, ತಿದ್ದಿದ ಕೋಶಗಳನ್ನು ಒಳಗೆ ಬಿಡುವರು. ಗಾಮಾ ಮತ್ತೆ ತಲೆಯೆತ್ತುವುದು. 2023ರ ನವೆಂಬರಿನಲ್ಲಿ ಬ್ರಿಟನ್ ಇದಕ್ಕೆ ಮೊದಲು ಅನುಮತಿಯಿತ್ತಿತು, ಅದೂ 12 ವರ್ಷ ತುಂಬಿದವರಿಗೆ. ಅಮೆರಿಕದಲ್ಲಿ ಗೊತ್ತುಮಾಡಿದ ಬೆಲೆ 22 ಲಕ್ಷ ಡಾಲರು. ನಮ್ಮ ಪಿಂಚಣಿಯೊಡನೆ ಅದನ್ನು ತಾಳೆ ನೋಡುವ ಗೋಜಿಗೆ ನಾವು ಹೋಗಲಿಲ್ಲ.

ಮೊನ್ನೆ ಬುಧವಾರ ಹುಡುಗನ ಮಂಚದ ಬಳಿ ಕುಳಿತು, “ನಿನ್ನ ಆ ರಕ್ತ ಎಲ್ಲಿಗೂ ಹೋಗಿಲ್ಲವಪ್ಪ. ಅದನ್ನು ಮಾಡುವ ಪಾಠ ನಿನ್ನೊಳಗೇ ಇದೆ, ಯಾರೂ ಓದುತ್ತಿಲ್ಲ” ಎಂದೆವು.

“ಹಾಗಾದ್ರೆ ನೀನೇ ಓದಿಸು ತಾತ, ನೀನು ಮೇಷ್ಟ್ರಲ್ವಾ?” ಎಂದನು.

ಚೀಲದಲ್ಲಿ ರಕ್ತವು ಇನ್ನೂ ಅರ್ಧದಷ್ಟಿತ್ತು.