ಮನೆಯೇ ಹೊರಟಾಗ

ವಾಹನದೊಳಗೇ ಅಡುಗೆ, ಹಾಸಿಗೆ ಎಲ್ಲ ಇಟ್ಟುಕೊಂಡು ಊರೂರು ಸುತ್ತುವವರ ಬಗ್ಗೆ ಓದಿ ನೀವು ಬೆರಗಾಗಿರಬಹುದು. ಕಬ್ಬು ಕಟಾವಿನ ದಿನಗಳಲ್ಲಿ ನಂಜನಗೂಡಿನಿಂದ ಟಿ. ನರಸೀಪುರದ ಕಡೆ ಹೋಗಿ ನೋಡಿ. ಅಳಗಂಚಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಕಡಿಯಲು ಬಳ್ಳಾರಿ ಸೀಮೆಯಿಂದಲೂ ಕುಟುಂಬಗಳು ಬಂದಿರುತ್ತವೆ. ಟಾರ್ಪಾಲಿನ ಗುಡಾರ, ಮೂರು ಕಲ್ಲಿನ ಒಲೆ, ಸೀರೆಯ ತೊಟ್ಟಿಲು. ಹೆಂಗಸರು ನಸುಕಿನಲ್ಲೇ ರೊಟ್ಟಿ ತಟ್ಟಿಟ್ಟು ಗದ್ದೆಗಿಳಿಯುತ್ತಾರೆ. ಕಟಾವು ಮುಗಿದರೆ ಮನೆಯೆಲ್ಲ ಟ್ರ್ಯಾಕ್ಟರ್ ಏರಿ ಮುಂದಿನೂರಿಗೆ ಹೊರಡುತ್ತದೆ. ಮಕ್ಕಳ ಶಾಲೆ ಮಾತ್ರ ಹುಟ್ಟೂರಲ್ಲೇ ಉಳಿಯುತ್ತದೆ.

2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ, ವರ್ಗಾವಣೆ ಪತ್ರ ತಡವಾಯಿತೆಂದು 6ರಿಂದ 14 ವರ್ಷದ ಮಕ್ಕಳನ್ನು ಸರಕಾರಿ ಶಾಲೆ ಹಿಂದಕ್ಕೆ ಕಳಿಸುವಂತಿಲ್ಲ. ಗುಡಾರದ ತಾಯಂದಿರಿಗೆ ಇದು ಗೊತ್ತಿರಲಿಕ್ಕಿಲ್ಲ, ನಿಮಗೀಗ ಗೊತ್ತಾಯಿತಲ್ಲ! ನಿಮ್ಮೂರಿನ ಬಳಿ ಅಂಥ ಗುಡಾರ ಕಂಡರೆ, ಆ ತಾಯಿ ಮಗುವಿನ ಜೊತೆ ಶಾಲೆಯ ಬಾಗಿಲವರೆಗೆ ಹೋಗಿ ಬನ್ನಿ.